ತಿದಿ ಹರಿದ ಟರ್ಬೊ

ಹೋದ ತಿಂಗಳು ನಮ್ಮ ಬಸ್ಸನ್ನು ಒಬ್ಬ ಸೈಕಲ್ ಸವಾರ ಓವರ್‌ಟೇಕ್ ಮಾಡಿದ. ಕ್ಯಾರಿಯರಿನ ಮೇಲೆ ಹಸಿ ಹುಲ್ಲಿನ ಹೊರೆ ಬೇರೆ ಇತ್ತು. ದಾಟುವಾಗ ನಮ್ಮ ಡ್ರೈವರಿಗೆ ಒಂದು ನಮಸ್ಕಾರ ಹಾಕಿ ಹೋದ.

ಬಸ್ಸಿನ ಹಣೆಯ ಮೇಲೆ ಕೆಂಪು ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ ಬರೆದಿತ್ತು: ಟರ್ಬೊ.

ಗಂಗಾವತಿಯಿಂದ ಕನಕಗಿರಿ ಮೇಲೆ ಕುಷ್ಟಗಿಗೆ ಹೋಗುವ ಖಾಸಗಿ ಬಸ್ಸು ಇದು. ಏಳು ವರ್ಷದಿಂದ ನಾನು ಇದರಲ್ಲೇ ಕನಕಗಿರಿಗೆ ಹೋಗಿ ಬರುತ್ತೇನೆ. (ಅಲ್ಲಿನ ಮಕ್ಕಳಿಗೆ ವಿಜ್ಞಾನ ಹೇಳುವುದು ನನ್ನ ಹೊಟ್ಟೆಪಾಡು.) ಎರಡು ವರ್ಷದ ಹಿಂದೆ ಇದರ ಹಳೆಯ ಎಂಜಿನ್ನು ಕಣ್ಣು ಮುಚ್ಚಿತು. ಧಣಿ ಬಸಲಿಂಗಪ್ಪನವರು ಮುನಿರಾಬಾದ್ ಕಡೆಯ ಗುಜರಿಯಲ್ಲಿ ಬಿದ್ದಿದ್ದ, ಎಂದೋ ಮಣ್ಣು ಹೊತ್ತು ದಣಿದಿದ್ದ ಫಾರಿನ್ ಟಿಪ್ಪರಿನ ಎಂಜಿನ್ನನ್ನು ತಂದು ಕೂರಿಸಿದರು. ಅದಕ್ಕೆ ಟರ್ಬೊ ಇತ್ತು.

ಟರ್ಬೊ ಎಂದರೇನು? ಎಂಜಿನ್ನು ಉಗುಳುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಬಲ ಬರುತ್ತದೆ. ಆದರೆ ಎಂಜಿನ್ನು ಒಂದಷ್ಟು ಜೋರಾಗಿ ತಿರುಗಿದ ಮೇಲೆ ಮಾತ್ರ. ಅದಕ್ಕಿಂತ ಮೊದಲು? ಮೊದಲು ನಾವು ಸೈಕಲ್ಲುಗಳಿಗೆ ದಾರಿ ಬಿಡುತ್ತಿದ್ದೆವು.

ಈ ಬೇಸಿಗೆಯಲ್ಲಿ ಕಾಯಿಲೆ ಬಿಗಡಾಯಿಸಿತು. ಕನಕಗಿರಿಗೆ ಮುಂಚೆ ಒಂದು ದಿನ್ನೆ ಇದೆ. ಅಂಥ ದೊಡ್ಡದೇನಲ್ಲ, ಎತ್ತುಗಳು ಮಾತಾಡದೆ ಹತ್ತುತ್ತವೆ. ನಮ್ಮ ಬಸ್ಸು ಅದರ ನಡುವೆ ನಿಂತು ಬಿಕ್ಕಳಿಸುತ್ತಿತ್ತು. ನಾವು ಇಳಿದು ನಡೆಯುತ್ತಿದ್ದೆವು. ದಿನ್ನೆಯ ತುದಿಯಲ್ಲಿ ಮತ್ತೆ ಹತ್ತುತ್ತಿದ್ದೆವು.

ಸಲಹೆಗಳಿಗೇನು ಬರ? ಟಾಯರಿನಡಿ ನಿಂಬೆಹಣ್ಣು ಇಡಬೇಕೆಂದು ಒಬ್ಬರು ಹೇಳಿದರು, ಇಟ್ಟದ್ದಾಯಿತು. ದಿನ್ನೆ ಬಂದಾಗ ಎಲ್ಲರೂ ಮುಂದಕ್ಕೆ ಸರಿದು ಕೂತರೆ ಭಾರ ಮುಂದಕ್ಕೆ ಬೀಳುತ್ತದೆ ಎಂದರು ಇನ್ನೊಬ್ಬರು. ಒಂದು ವಾರ ನಾವು ಹಾಗೂ ಕೂತೆವು. (ಹೌದು, ವಿಜ್ಞಾನದ ಮಾಸ್ತರೂ ಸೇರಿ.)

ಧಣಿಗಳು ಮಾತ್ರ ಕಾರಣ ಹುಡುಕಿಬಿಟ್ಟಿದ್ದರು: ಡ್ರೈವರ್ ಹುಸೇನ್‌ಸಾಬ್.

ಹುಸೇನ್‌ಸಾಬ್ ಇಪ್ಪತ್ತು ವರ್ಷದಿಂದ ಈ ರೂಟಿನಲ್ಲಿದ್ದಾನೆ. ಮಾತು ಕಡಿಮೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮೆಲ್ಲರ ಎದುರಿಗೇ ಬಸಲಿಂಗಪ್ಪನವರು ಅವನಿಗೆ ಹೇಳಿದರು:

“ಎಂಜಿನ್ ಫಾರಿನ್‌ದು ಐತಿ, ಅದರಾಗ ಐಬು ಇಲ್ಲ. ನಿನ್ನ ಕಾಲಾಗ ಕಸುವಿಲ್ಲ, ಹುಸೇನಾ. ಶನಿವಾರದೊಳಗ ಗಾಡಿ ದಿನ್ನಿ ಹತ್ತಬೇಕು. ಇಲ್ಲಾಂದ್ರ ಚಾವಿ ಕೊಟ್ಟು ಮನೀಗಿ ಹೋಗು.”

“ಹತ್ತಸ್ತೀನ್ರಿ ಧಣ್ಯಾರ” ಎಂದ ಅವನು. ಕಣ್ಣು ನೆಲ ನೋಡುತ್ತಿತ್ತು.

ಅಷ್ಟಕ್ಕೇ ಬಿಡದೆ ಧಣಿಗಳು ಹುಬ್ಬಳ್ಳಿಯಿಂದ ಒಬ್ಬ ಎಕ್ಸ್‌ಪರ್ಟನ್ನೂ ಕರೆಸಿದರು. ಕಪ್ಪು ಕನ್ನಡಕ, ಇಸ್ತ್ರಿ ಪ್ಯಾಂಟು. ಮಂಡಿಯೂರಿ ಕೆಳಗೆ ನೋಡಿದರೆ ಆ ಇಸ್ತ್ರಿಯ ಗತಿ ಏನು? ಅವರು ನೋಡಲಿಲ್ಲ. ಪಂಪಿನ ಒಂದು ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಗೆ ಬರುವಂತೆ ಮಾಡಿ, ಊಟ ಮುಗಿಸಿ ಹೋದರು. ಮರುದಿನದಿಂದ ಬಸ್ಸು ಕಾಡಿಗೆಯಂಥ ಹೊಗೆ ಬಿಡತೊಡಗಿತು. ದಿನ್ನೆ ಮಾತ್ರ ಹತ್ತಲಿಲ್ಲ.

“ಹೊಗಿ ನೋಡ್ರಿ ಸರ, ಎಷ್ಟು ಪವರ್ ಬಂದೈತಿ” ಎಂದರು ಧಣಿಗಳು. ನಾನು ತಲೆಯಾಡಿಸಿದೆ. ಗಾಳಿ ಸಾಲದ ಒಲೆಗೆ ಕಟ್ಟಿಗೆ ತುರುಕುವುದನ್ನು ನಾವು ಎಲ್ಲಿ ಕಂಡಿಲ್ಲ? ಪಾಸಾಗದ ಹುಡುಗನಿಗೆ ಇನ್ನೆರಡು ಗೈಡು ಕೊಡಿಸುವುದಿಲ್ಲವೆ?

ಶುಕ್ರವಾರ ಬಂತು. ಕನಕಗಿರಿ ಸಂತೆ. ದಿನ್ನೆಗೆ ಮುಂಚಿನ ಸಣ್ಣ ಹಳ್ಳಿಯೊಂದರಲ್ಲಿ ಕಾಳಮ್ಮ ಹತ್ತಿದಳು. ಕಮ್ಮಾರರ ಹೆಂಗಸು. ಗಂಡ ಬಡಿದ ಕುಡಗೋಲು, ಕೊಡಲಿಗಳನ್ನು ಚೀಲದಲ್ಲಿ ತುಂಬಿ ಸಂತೆಗೆ ಒಯ್ಯುತ್ತಾಳೆ. ಚೀಲ ಭಾರವೆಂದು ಯಾವಾಗಲೂ ಡ್ರೈವರಿನ ಪಕ್ಕ, ಎಂಜಿನ್ನಿನ ಮುಚ್ಚಳದ ಹತ್ತಿರವೇ ಕೂರುವುದು. ನಾನು ಅವಳ ಹಿಂದಿನ ಸೀಟಿನಲ್ಲಿದ್ದೆ.

ಬಸ್ಸು ಏದುಸಿರು ಬಿಡುತ್ತ ಹೊರಟಿತು. ಕಾಳಮ್ಮ ಮುಚ್ಚಳಕ್ಕೆ ಕಿವಿ ಹಚ್ಚಿದಳು.

“ಯಣ್ಣಾ, ಇದರ ತಿದಿ ಹರದೈತಿ ನೋಡು” ಎಂದಳು.

ಕುಲುಮೆಯ ಬೆಂಕಿಗೆ ಗಾಳಿ ಊದುವ ಚರ್ಮದ ಚೀಲವೇ ತಿದಿ. ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಪಾಠವನ್ನೂ ಶುರು ಮಾಡಿದೆ. “ಯಮ್ಮಾ, ಇದು ಕುಲುಮೆ ಅಲ್ಲ. ಟರ್ಬೊ ಅಂತಾರ ಇದಕ್ಕ.”

“ಹೆಸರು ಏನರ ಇರಲಿ ಬಿಡ್ರಿ ಮಾಸ್ತರ. ಮೂವತ್ತು ವರ್ಷ ತಿದಿ ಒತ್ತೀನಿ. ಗಾಳಿ ಬೆಂಕೀಗಿ ಹೋಗೂ ಸಪ್ಪಳ ಬ್ಯಾರೆ, ಹೊರಗ ಸೋರೂ ಸಪ್ಪಳ ಬ್ಯಾರೆ. ನಿಂತಾಗ ಇದು ಸುಮ್ಮನಿರ್ತೈತಿ. ಒತ್ತಿದಾಗ ಬುಸ್ ಅಂತೈತಿ.”

ಬಸ್ಸಿನಲ್ಲಿ ನಗು ಎದ್ದಿತು. ನಗದೆ ಇದ್ದವನು ಹುಸೇನ್‌ಸಾಬ್ ಒಬ್ಬನೇ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ನು ಚಾಲೂ ಇಟ್ಟು, ಮುಚ್ಚಳ ಎತ್ತಿದ. ನನ್ನ ಕಡೆ ತಿರುಗಿ, “ಸರ, ಸ್ವಲ್ಪ ಎಕ್ಸಲೇಟರ್ ಒತ್ತತೀರೇನ್ರಿ” ಎಂದ. ಹೀಗೆ ಜೀವನದಲ್ಲಿ ಮೊದಲ ಬಾರಿ ನಾನು ಡ್ರೈವರ್ ಸೀಟಿನಲ್ಲಿ ಕೂತೆ.

ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ, ತೋಳಿನಷ್ಟು ದಪ್ಪದ ಒಂದು ರಬ್ಬರ್ ಪೈಪಿದೆ. ಮೇಲಿನಿಂದ ಗಟ್ಟಿಮುಟ್ಟಾಗಿಯೇ ಇತ್ತು. ನಾನು ಒತ್ತಿದೆ. ಕಾಳಮ್ಮ ಬಗ್ಗಿ, “ಅಲ್ಲಲ್ಲ, ಇನ್ನೂ ಕೆಳಗ, ಮಗ್ಗಲಿಗೆ” ಎಂದು ದಾರಿ ತೋರಿಸಿದಳು. ಹುಸೇನ್‌ಸಾಬ್ ಪೈಪಿನ ತಳಕ್ಕೆ ಕೈ ಹಾಕಿದ.

“ಯಕ್ಕಾ, ಖರೇ ಐತಿ” ಎಂದ. ಅಂಗೈ ಮುಂದೆ ಮಾಡಿ ತೋರಿಸಿದ, ಸೋರುವ ಗಾಳಿ ಎರಚಿದ ಎಣ್ಣೆಯ ಸಣ್ಣ ತುಂತುರು ಅಂಟಿತ್ತು. ಪೈಪಿನ ತಳದಲ್ಲಿ ಬೆರಳುದ್ದದ ಸೀಳು. ಎಂಜಿನ್ನು ನಿಧಾನ ಇದ್ದಾಗ ಮುಚ್ಚಿಕೊಳ್ಳುತ್ತದೆ, ಗಾಳಿಯ ಒತ್ತಡ ಬಿದ್ದಾಗ ಬಾಯಿ ಬಿಡುತ್ತದೆ. ಟರ್ಬೊ ಕಷ್ಟಪಟ್ಟು ತುಂಬಿದ ಗಾಳಿಯೆಲ್ಲ ರಸ್ತೆಯ ಪಾಲು.

ಹಳೆಯ ಟ್ಯೂಬಿನ ಪಟ್ಟಿಯೊಂದು ಬಸ್ಸಿನಲ್ಲಿತ್ತು. ಕಾಳಮ್ಮ ಅದನ್ನು ಹಲ್ಲಿನಲ್ಲಿ ಎಳೆದು ಹಿಡಿದು, ತಿದಿಗೆ ಸುತ್ತಿದಂತೆಯೇ ಒಂದರ ಮೇಲೊಂದು ಬಿಗಿಯಾಗಿ ಸುತ್ತಿದಳು. ಹುಸೇನ್‌ಸಾಬ್ ತಂತಿ ಬಿಗಿದ. ಗಾಳಿ ಸೋಸುವ ಫಿಲ್ಟರನ್ನೂ ಬಿಚ್ಚಿ ಕೊಡವಿದ. ಗಂಗಾವತಿ, ಶ್ರೀರಾಮನಗರದ ಭತ್ತದ ಧೂಳೆಲ್ಲ ಅದರಲ್ಲಿ ಸುಗ್ಗಿ ಮಾಡಿತ್ತು.

ನಾವು ಹತ್ತಿ ಕೂತೆವು. ದಿನ್ನೆ ಬಂತು. ಅಭ್ಯಾಸಬಲದಿಂದ ಕೆಲವರು ಇಳಿಯಲು ಎದ್ದು ನಿಂತರು. ಹುಸೇನ್‌ಸಾಬ್ ಎರಡನೇ ಗೇರಿನಲ್ಲಿ ಒತ್ತಿದ. ಬಸ್ಸು ಎಳೆಯಿತು. ನಿಂತವರೆಲ್ಲ ಹಿಂದಿನವರ ಮಡಿಲಲ್ಲಿ ಕೂತರು. ತುದಿ ಮುಟ್ಟುವವರೆಗೂ ಅವನು ಉಸಿರು ಹಿಡಿದಿದ್ದನೆಂದು ಕಾಣುತ್ತದೆ. ಮೇಲೆ ಬಂದ ಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

ಶನಿವಾರ ಹೊಸ ಪೈಪು ಬಂತು. ಪಂಪಿನ ಸ್ಕ್ರೂ ಮೊದಲಿನ ಜಾಗಕ್ಕೆ ತಿರುಗಿತು, ಹೊಗೆ ತಿಳಿಯಾಯಿತು. ಚಾವಿ ಹುಸೇನ್‌ಸಾಬನ ಕೈಯಲ್ಲೇ ಉಳಿಯಿತು. ಬಸಲಿಂಗಪ್ಪನವರು ಸಿಕ್ಕಸಿಕ್ಕವರಿಗೆ ಹೇಳಿದರು, “ಹುಬ್ಬಳ್ಳಿ ಎಕ್ಸ್‌ಪರ್ಟ್ ಕೈಗುಣ ನೋಡ್ರಿ.”

“ಧಣ್ಯಾರ, ಕಾಳಮ್ಮಕ್ಕ ಹೇಳಿದ್ದು ಅದು” ಎಂದ ಹುಸೇನ್‌ಸಾಬ್.

“ನೌಕರಿ ಉಳದೈತಲ್ಲ, ಸುಮ್ಮನಿರು.”

ಪಿಕಪ್ ಬಂದ ಬಸ್ಸು ಸುಮ್ಮನಿರುತ್ತದೆಯೆ? ಎರಡೇ ವಾರದಲ್ಲಿ ಹೊಸ ಬೋರ್ಡು ಬಿತ್ತು: ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ ಎಂದರೆ ಸಣ್ಣ ಹಳ್ಳಿಗಳಲ್ಲಿ ನಿಲ್ಲುವುದಿಲ್ಲ. ಕಾಳಮ್ಮನ ಹಳ್ಳಿ ಸಣ್ಣದು.

ಮೊನ್ನೆ ಸಂತೆಯ ದಿನ ಅವಳು ಚೀಲ ಇಟ್ಟುಕೊಂಡು ರಸ್ತೆ ಬದಿಗೆ ನಿಂತಿದ್ದಳು. ಹುಸೇನ್‌ಸಾಬ್ ನಿಲ್ಲಿಸಿದ. ಹಿಂದಿನಿಂದ ಒಬ್ಬರು, “ಇದು ಎಕ್ಸ್‌ಪ್ರೆಸ್ ಹೌದಲ್ರೀ, ಯಾಕ ನಿಂದ್ರಿಸಿದ್ರಿ?” ಎಂದು ಕೇಳಿದರು. ನಾನೂ ವಾಚು ನೋಡಿಕೊಂಡೆ. ಸುಳ್ಳೇಕೆ ಹೇಳಲಿ?

ಸಂಜೆಯೊಳಗೆ ದೂರು ಧಣಿಗಳಿಗೆ ಮುಟ್ಟಿತ್ತು. ಹೋದ ತಿಂಗಳು ಬಸ್ಸು ಓಡದ್ದು ಹುಸೇನ್‌ಸಾಬನ ತಪ್ಪಾಗಿತ್ತು, ಈ ತಿಂಗಳು ನಿಂತದ್ದು ಅವನ ತಪ್ಪಾಯಿತು. ನಾನು ಹೋಗಿ ನಡೆದದ್ದನ್ನೆಲ್ಲ ವಿವರಿಸಿದೆ. ಬಸಲಿಂಗಪ್ಪನವರು ನ್ಯಾಯವಂತರು. “ಮೂವತ್ತು ಮಂದಿ ಪ್ಯಾಸೆಂಜರ್ ಸಹಿ ತರ್ರಿ ಸರ, ಅಲ್ಲಿ ಸ್ಟಾಪ್ ಕೊಡ್ತೀನಿ” ಎಂದರು.

ಅರ್ಜಿ ಹಿಡಿದು ಮೂರು ದಿನದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ನನ್ನದೂ ಸೇರಿ ಐದು ಸಹಿ ಆಗಿವೆ; ಉಳಿದವರಿಗೆ, ಅಲ್ಲಿ ನಿಂತರೆ ತಡವಾಗುತ್ತದಂತೆ.