ಅಕ್ಕನ ಎದೆಯ ಫೋಟೊ

ಮೊನ್ನೆ ಮೇಲಿನ ಕಪಾಟಿನ ಡಬ್ಬಿ ತೆಗೆದು ನೋಡಿದರೆ ಉದ್ದಿನಬೇಳೆಗೆ ಬೂಷ್ಟು ಹಿಡಿದಿತ್ತು. ಮೂಗಿಗೆ ಹೊಡೆದ ಆ ಮುಗ್ಗಲು ವಾಸನೆ... ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಈ ಫ್ಲಾಟಿನಿಂದ ನನ್ನನ್ನು ಸೀದಾ ಬರೋಡಾದ ಹಳೆಯ ವಠಾರಕ್ಕೆ ಎಳೆದೊಯ್ದಿತು.

ಅರವತ್ತರ ದಶಕ. ಯಜಮಾನರಿಗೆ ವಿಮಾ ಕಚೇರಿಯಲ್ಲಿ ವರ್ಗವಾಗಿ, ಮೈಸೂರು ಬಿಟ್ಟು ಬೇರೆ ಊರು ಕಾಣದ ನಾನು ಅಲ್ಲಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಹೋಟೆಲಿನವರ ಸಂಸಾರ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೋಟೆಲಿನ ಅಕ್ಕಿ, ಬೇಳೆಯ ಮೂಟೆಗಳೆಲ್ಲ ಆ ಮನೆಯ ಹಿಂದಿನ ಕೋಣೆಯಲ್ಲಿ. ಕೇರುವುದು, ಆರಿಸುವುದು ಅಕ್ಕನ ಪಾಲು. ಮೊದಲೇ ಉಬ್ಬಸದವರು. ಒಂದು ಮಳೆಗಾಲ ಜ್ವರ ಹಿಡಿಯಿತು, ಕೆಮ್ಮಿದರೆ ಕಂದು ಬಣ್ಣದ ಗಟ್ಟಿ ಕಫ. ಮನೆಯವರು ಕ್ಷಯವೆಂದೇ ತೀರ್ಮಾನಿಸಿಬಿಟ್ಟರು. ಅಕ್ಕನ ತಟ್ಟೆ ಲೋಟ ಬೇರೆಯಾಯಿತು. ನಾಲ್ಕು ವರ್ಷದ ಮಗಳನ್ನು ಹತ್ತಿರ ಸುಳಿಯಗೊಡದೆ ನನ್ನ ಮನೆಯಲ್ಲಿ ಮಲಗಿಸಿದರು. ವಾಸಿಯಾಗದಿದ್ದರೆ ಸೊಸೆಯನ್ನು ತವರಿಗೆ ಕಳಿಸುವುದು, ಮಗು ಇಲ್ಲೇ ಇರುವುದು ಎಂದು ಅವರ ಅತ್ತೆ ಹೇಳಿಯೂ ಆಗಿತ್ತು. ಆ ಮುದುಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗುಜರಾತಿ ಡಾಕ್ಟರು “ಛಾತಿನೊ ಫೋಟೊ ಪಡಾವೊ, ಬೆನ್” ಎಂದರು. ಎದೆಯ ಎಕ್ಸ್‌ರೇಗೆ ಅಲ್ಲಿ ಹಾಗೇ ಹೇಳುವುದು. ಅಕ್ಕನ ಕಿವಿಗೆ ಬಿದ್ದದ್ದು ‘ಫೋಟೊ’ ಒಂದೇ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಪೌಡರು ಬಳಿದುಕೊಂಡು ಹೊರಟರು! ಅಲ್ಲಿ ಕರಿಮಣಿಯನ್ನೂ ತೆಗೆಸಿ, ಹಲಗೆಗೆ ಎದೆ ಒತ್ತಿ ನಿಲ್ಲಿಸಿದಾಗ ಅವರ ಮುಖ ನೋಡಬೇಕಿತ್ತು.

“ಎಂತ ಫೋಟೊ ಮಾರಾಯ್ತಿ ಇದು? ಮೋರೆಯೇ ಬೇಡ ಅಂತಾನೆ!”

ಕೆಮ್ಮುತ್ತಲೇ ನಕ್ಕರು. ನಾನೂ ಬಿದ್ದು ಬಿದ್ದು ನಕ್ಕೆ.

ಮೊದಲ ಫೋಟೊದಲ್ಲಿ ಬಲಗಡೆ ಮೇಲಿದ್ದ ಬಿಳಿ ಮಚ್ಚೆ, ತಿಂಗಳು ಬಿಟ್ಟು ತೆಗೆಸಿದ ಎರಡನೆಯದರಲ್ಲಿ ಎಡಗಡೆ ಕೆಳಗೆ ಕಂಡಿತು. ಡಾಕ್ಟರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಕ್ಷಯ ಹೀಗೆ ಬಾಡಿಗೆಯವರ ಹಾಗೆ ಮನೆ ಬದಲಾಯಿಸುವುದಿಲ್ಲ ಎಂದರು. ಕಫದ ಪರೀಕ್ಷೆಯಲ್ಲಿ ಸಿಕ್ಕಿದ್ದು ಬೂಷ್ಟು, ಮಳೆಗಾಲದಲ್ಲಿ ಬೇಳೆಯ ಮೂಟೆಗೆ ಹಿಡಿಯುವಂಥದ್ದು. ಕೆಲವು ಉಬ್ಬಸದವರ ಎದೆಗೆ ಅದು ಒಗ್ಗದೆ ಹೀಗಾಗುತ್ತದಂತೆ, ಯಾರಿಗೂ ಅಂಟುವುದಿಲ್ಲವಂತೆ. ಪುಟ್ಟ ಬಿಳಿ ಮಾತ್ರೆ ಕೊಟ್ಟು, ಮೂಟೆಗಳ ಕೋಣೆಗೆ ಕಾಲಿಡಬೇಡಿ ಎಂದರು. ಅತ್ತೆ ನಂಬಬೇಕಲ್ಲ!

“ಮಚ್ಚೆ ಹೋದ ಫೋಟೊ ತೋರಿಸ್ಲಿ. ಆಮೇಲೆ ಮಗು ಕೊಡುವ.”

ಮಾತ್ರೆಗೆ ಅಕ್ಕನ ಮುಖ ಪೂರಿಯಂತೆ ಉಬ್ಬಿತು, ಉಸಿರು ಹಗುರಾಯಿತು. ಮೂರನೆಯ ಫೋಟೊ ತೆಗೆಸಿದೆವು. ಎಡಗಡೆಯ ಮಚ್ಚೆ ಅಳಿಸಿಹೋಗಿತ್ತು, ಆದರೆ ಬಲಗಡೆ ಹೆಬ್ಬೆರಳಿನಷ್ಟು ಹೊಸದೊಂದು! ಹೆದರಿದವರ ಮೇಲೆ ಹಾವೆಸೆದ ಹಾಗಾಯಿತು. ಅಕ್ಕ ನನ್ನ ಕೈ ಹಿಡಿದುಕೊಂಡರು.

“ಮಗುವನ್ನು ನೀನೇ ನೋಡಿಕೊಳ್ಬೇಕು, ಆಯ್ತಾ...”

ಡಾಕ್ಟರು ಮಾತ್ರ ಆ ಮಚ್ಚೆಯ ಅಂಚನ್ನೇ ನೋಡುತ್ತಿದ್ದರು. ಕೊರಳಲ್ಲಿ ಏನಿತ್ತು ಎಂದು ಕೇಳಿದರು. ಏನೂ ಇರಲಿಲ್ಲ, ಕರಿಮಣಿ ನನ್ನ ಕೈಯಲ್ಲೇ ಇತ್ತು ಎಂದೆ. ಆಗ ಅಕ್ಕ ನಾಚುತ್ತ ರವಿಕೆಯೊಳಗಿಂದ ಒಂದು ಹಳದಿ ದಾರ ಎಳೆದರು. ತುದಿಯಲ್ಲಿ ಅರಿಶಿನದ ಕೊಂಬು! ಹಿಂದಿನ ಎರಡು ಸಲ ಬರಿಗೊರಳಲ್ಲಿ ನಿಂತದ್ದಕ್ಕೇ ಕಾಯಿಲೆ ಹೆಚ್ಚಿತು ಎಂದು ಅತ್ತೆ ಬಯ್ದಿದ್ದರಂತೆ.

“ಕರಿಮಣಿ ತೆಗೆದ ಮೇಲೆ ಬರೀ ಕುತ್ತಿಗೆ ಇರ್ಲಿಕ್ಕೆ ಆಗ್ತದಾ?”

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ದಾರ ಬಿಚ್ಚಿಸಿ ಮತ್ತೆ ತೆಗೆಸಿದ ಫೋಟೊದಲ್ಲಿ ಮಚ್ಚೆಯೇ ಇರಲಿಲ್ಲ. ಅಂದು ಸಂಜೆ ಅಕ್ಕ ಅದನ್ನು ಅತ್ತೆಯ ಕಣ್ಣೆದುರು ಹಿಡಿದು, ಇನ್ನೊಂದು ಕೈಯಿಂದ ನನ್ನ ಸೊಂಟದ ಮೇಲಿದ್ದ ಮಗಳನ್ನು ಕಿತ್ತುಕೊಂಡರು. ನನಗೆ ಸಂತೋಷಕ್ಕೆ ಅಳು ಬಂದುಬಿಟ್ಟಿತು.

ಮಚ್ಚೆಗಳು ಆಮೇಲೂ ಬಂದವು, ಹೋದವು. ಬಂದಾಗಲೆಲ್ಲ ಫೋಟೊ, ಮಾತ್ರೆ. ನಮಗೆ ಸೂರತ್‌ಗೆ, ಅಲ್ಲಿಂದ ಅಹಮದಾಬಾದಿಗೆ ವರ್ಗವಾಯಿತು. ಕಾಗದ, ಫೋನು ಎಲ್ಲ ಬರಬರುತ್ತಾ ಕಡಿಮೆಯಾದವು...

ಮೊನ್ನೆ ಮನಸ್ಸು ತಡೆಯದೆ ಫೋನು ಮಾಡಿದೆ. ಎತ್ತಿದ್ದು ಆ ಮಗಳು. ಈಗ ಅವಳೇ ಅಜ್ಜಿ. ಕನ್ನಡ ಅರ್ಧ, ಗುಜರಾತಿ ಅರ್ಧ.

“ಆಂಟಿ, ಅಮ್ಮ ಹೋದ ತಿಂಗಳು ಆಫ್ ಆದ್ರು.”

ತೀರಿಕೊಂಡರು ಎನ್ನುವುದಕ್ಕೆ ಇಲ್ಲಿಯ ಮಾತು ಅದು. ಎಷ್ಟು ವರ್ಷ ಕೇಳಿದರೂ ನನಗೆ ಸಿಟ್ಟೇ. ಆಫ್ ಆಗಲು ಅಕ್ಕನೇನು ಫ್ಯಾನೇ? ಹತ್ತಿರ ಯಾರಾದರೂ ಇದ್ದರಾ ಎಂದು ಕೇಳಿದೆ.

“ನಾನಿದ್ದೆ ಆಂಟಿ. ನನ್ನ ಬಾಜೂಲೇ ಮಲಗಿದ್ರು. ಅಮ್ಮ ಯಾವಾಗ್ಲೂ ಅಲ್ಲೇ ಅಲ್ವಾ ಮಲಗೋದು?”