ಹಾಲಿಗೆ ಲ್ಯಾವೆಂಡರ್ ಹಾಕಿದ ಆಂಟಿ

ಏನನ್ನು ಕೈಗೆತ್ತಿಕೊಂಡರೂ ನಮ್ಮ ಎದುರುಮನೆ ಆಂಟಿ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಆಗ ಅವರ ಬಿಳಿ ಹರಳಿನ ಮೂಗುಬೊಟ್ಟು ಸಣ್ಣಗೆ ಅಲುಗುತ್ತಿತ್ತು. ಕೊತ್ತಂಬರಿ ಕಟ್ಟಾಗಲಿ, ನಾನು ಚೆಂಬೂರು ಸ್ಟೇಷನ್ ಹೊರಗೆ ಕೊಂಡು ತಂದ ಮಾವಾಗಲಿ, ಆ ಪರೀಕ್ಷೆಯಿಂದ ಪಾರಾದದ್ದಿಲ್ಲ. ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. "ಬಾಗಿಲು ಹಾಕಿಟ್ರೆ ಮನೆಗೆ ಬೂಸ್ಟು ಬರ್ತದೆ" ಎಂದು ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದರು.

ಅಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆ ಮುಗಿದ ವರ್ಷ. ಗಡ್ಡೆಯೇನೋ ಹೋಯಿತು, ಅದರ ಜೊತೆಗೆ ಊಟವೂ ಹೋಯಿತು. ಏನು ತಿಂದರೂ ಬಾಯಲ್ಲಿ ತುಕ್ಕಿನ ರುಚಿ. ಹಾಲು ಕಾಯುವ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ತೂಕ ಹೀಗೇ ಇಳಿದರೆ ಮತ್ತೆ ಅಡ್ಮಿಟ್ ಆಗಬೇಕೆಂದರು ಡಾಕ್ಟರು. ನಾನು ಮಾಡಿದ ಗಂಜಿ, ತಿಳಿಸಾರು ಎಲ್ಲ ಹಾಗೇ ವಾಪಸ್ಸು ಬರುತ್ತಿದ್ದವು. ಒಂದು ಸಂಜೆ ಆಂಟಿಯ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಅವರು ಸೀದಾ ಕಪಾಟಿಗೆ ಕೈಹಾಕಿದರು. ಮಗಳು ಕಾಶ್ಮೀರದಿಂದ ತಂದಿದ್ದ ಒಣ ಲ್ಯಾವೆಂಡರ್ ಹೂವಿನ ಡಬ್ಬಿ ತೆರೆದು ನನ್ನ ಮೂಗಿನ ಮುಂದೆ ಹಿಡಿದರು. ಅಡುಗೆಗೆ ಹಾಕುವ ಹೂವೇ ಅಂತೆ. "ಹಾಲಿನ ವಾಸನೆ ಅಡಗಿಸ್ಲಿಕ್ಕೆ ಇದು ಆಗ್ತದೋ ಏನೋ. ಡಾಕ್ಟ್ರನ್ನ ಕೇಳು ಮಾರಾಯ್ತಿ." ಸ್ವಲ್ಪವಾದರೆ ಅಡ್ಡಿಯಿಲ್ಲವೆಂದರು ಡಾಕ್ಟರು.

ಮೊದಲ ದಿನ ಹೂವು ಹಾಕುವಾಗ ಆಂಟಿಯ ಕೈ ಧಾರಾಳವಾಯಿತು. ಒಂದು ಚಮಚ ಸಬ್ಬಕ್ಕಿ ಪಾಯಸ ಬಾಯಿಗಿಟ್ಟ ಅಮ್ಮ ಮುಖ ಕಿವುಚಿದರು.

"ಏನ್ರೀ, ನನಗೆ ಸೋಪು ತಿನ್ನಿಸ್ತಿದೀರಾ?"

ಹೇಳಿದವರೇ ನಕ್ಕರು. ಅಷ್ಟು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು. ಆಂಟಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಮರುದಿನ ನಾಲ್ಕಾರು ಹೂವನ್ನಷ್ಟೇ ಬಿಸಿ ಹಾಲಿನಲ್ಲಿ ನೆನೆಸಿ, ಸೋಸಿ, ಪಾಯಸ ಮಾಡಿ, ತಣ್ಣಗಾದ ಮೇಲೆ ತಂದರು. "ನೋಡಿ ಅಕ್ಕ, ಆಗದಿದ್ರೆ ಬಿಡಿ" ಎಂದು ಬಟ್ಟಲು ಕೊಟ್ಟು, ಅಮ್ಮನ ಕಡೆ ನೋಡದೆ ನನ್ನೊಡನೆ ನೀರಿನ ಟ್ಯಾಂಕರಿನ ಮಾತು ತೆಗೆದರು. ಅಮ್ಮ ನಿಧಾನವಾಗಿ ತಿಂದರು. ಬಟ್ಟಲಿನ ತಳಕ್ಕೆ ಚಮಚ ತಾಗಿದ ಸದ್ದು ಕೇಳಿ ನಾವಿಬ್ಬರೂ ತಿರುಗಿ ನೋಡಿದೆವು.

ಪಾಯಸದ ಹಿಂದೆಯೇ ಗಂಜಿ ಬಂತು, ಮೆತ್ತಗಿನ ಇಡ್ಲಿ ಬಂತು. ದೀಪಾವಳಿಯ ಹೊತ್ತಿಗೆ ಅಮ್ಮ ತಾವೇ ಒಗ್ಗರಣೆ ಹಾಕುವಂತಾದರು.

ಆಂಟಿ ಕಳೆದ ವರ್ಷ ಮುಲುಂಡಿನಲ್ಲಿ, ಮಗಳ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಮಗಳ ಮನೆಗೆ ಹೋಗಿ ನೆಲೆಸಿದ ಮೇಲೆ ಒಮ್ಮೆ ಫೋನಿನಲ್ಲಿ ಕೃತಜ್ಞತೆ ಹೇಳಹೊರಟಾಗ ಅವರು ನನ್ನನ್ನು ತಡೆದಿದ್ದರು: "ಅದೆಲ್ಲ ಇರಲಿ, ಅಮ್ಮ ಇವತ್ತು ಏನು ಉಂಡ್ರು ಹೇಳು."

ಅಮ್ಮ ಈಗ ದಿನವೂ ನನ್ನ ಹುಳಿಗೆ ಉಪ್ಪು ಸಾಲದು, ಪಲ್ಯ ಬೆಂದಿಲ್ಲ ಎಂದು ಗೊಣಗುತ್ತಾರೆ. ಗೊಣಗುತ್ತಲೇ ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾರೆ. ಆ ಗೊಣಗಾಟ ನಮ್ಮ ಮನೆಗೆ ಆಂಟಿ ಕೊಟ್ಟು ಹೋದದ್ದು.