ಪಕ್ಕದ ಪ್ಲಾಟಿನ ಕಾಂಪೌಂಡರ್

ಗದ್ವಾಲದಿಂದ ರಾಯಚೂರಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ತೋಟದ ಪ್ಲಾಟುಗಳಿವೆ. ಹನ್ನೆರಡು ಮನೆಯವರು ತುಂಡು ತುಂಡು ಜಾಗ ಕೊಂಡು, ತಗಡಿನ ಶೆಡ್ಡು ಹಾಕಿಕೊಂಡು ಕಾಯಿಪಲ್ಲೆ ಬೆಳೆಯುತ್ತೇವೆ. ಭಾನುವಾರ ಬುತ್ತಿ ಕಟ್ಟಿಕೊಂಡು ಬಂದರೆ ಸಂಜೆಯವರೆಗೂ ಅಲ್ಲೇ. ಹೆಚ್ಚಿನವರು ನನ್ನ ಹಾಗೆ ನೌಕರಿ ಮುಗಿಸಿದವರು. ನಾನು ಶಾಲೆಯಲ್ಲಿ ಟೀಚರಾಗಿದ್ದವಳು, ಮಣ್ಣಿನ ಕೆಲಸ ಗೊತ್ತಿರಲಿಲ್ಲ. ಕಲಿಸಿದವರು ಪಕ್ಕದ ಪ್ಲಾಟಿನವರು, ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಾನು ನೀರು ಹೆಚ್ಚು ಬಿಟ್ಟರೆ ಬೇಲಿಯಾಚೆಯಿಂದಲೇ, “ಟೀಚರಮ್ಮ, ಸಸಿಗೆ ಉಸಿರಾಡಾಕ ಬಿಡ್ರಿ,” ಎನ್ನುತ್ತಿದ್ದರು.

ಕಳೆದ ದಸರಾ ಆದಮೇಲೆ ಒಂದು ಬೆಳಿಗ್ಗೆ ಅವರು ತಮ್ಮ ಬದನೆ ಸಸಿಗಳನ್ನೆಲ್ಲ ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ್ದರು. ಹಿಂದಿನ ವಾರ ತಾವೇ ನೆಟ್ಟ ಸಸಿಗಳು.

“ಯಾಕ್ರಿ ಕಿತ್ತಿದ್ರಿ?” ಎಂದೆ.

“ಕಸ ಭಾಳ ಬೆಳೆದಿತ್ರಿ.”

ಅವರ ಹೆಂಡತಿ ನನಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಆಮೇಲೆ ನೀರಿನ ತೊಟ್ಟಿಯ ಹತ್ತಿರ ಬಂದು, “ಇವರನ್ನ ಕರ್ನೂಲಿನ್ಯಾಗ ಡಾಕ್ಟರಿಗೆ ತೋರಿಸೇವ್ರಿ. ಮರೆವಿನ ರೋಗ ಐತಂತ. ಕಡಿಮಿ ಆಗೂದಿಲ್ಲಂತ,” ಎಂದರು.

ಮುಂದಿನ ವಾರ ಅವರು ನನ್ನ ಮೆಂತ್ಯದ ಮಡಿಗೆ ಕೈ ಹಾಕಿದರು. ನಾನು ನೋಡುತ್ತಾ ನಿಂತೆ. ತಡೆದರೆ ಅವರ ಮುಖ ಹೇಗಾಗುವುದೋ ಎಂಬ ಅಂಜಿಕೆ. ಅದಾದ ಮೇಲೆ ಇನ್ನೊಬ್ಬರ ಟೊಮೆಟೊ ಹೋಯಿತು, ಹೂ ಬಿಟ್ಟಿದ್ದ ಗಿಡಗಳು. ಎಲ್ಲರೂ ಬೇವಿನ ನೆರಳಿಗೆ ಸೇರಿದರು. ಯಾರಿಗೂ ಸಿಟ್ಟಿರಲಿಲ್ಲ. ಆದರೂ, “ಕರಕೊಂಡು ಬರಬ್ಯಾಡ್ರಿ ಅಂತ ಆಕಿಗೆ ನೀವೇ ಹೇಳ್ರಿ ಟೀಚರಮ್ಮ,” ಎಂದರು.

ಹೋಗಿ ಹೇಳಿದೆ. ಆಕೆ ಬುತ್ತಿ ಬಿಚ್ಚುತ್ತಿದ್ದರು.

“ಮನ್ಯಾಗ ಬರೇ ಗ್ವಾಡಿ ನೋಡಕೋತ ಕೂಡ್ತಾರ್ರಿ. ಇಲ್ಲಿ ಬಂದ್ರ ಒಂಚೂರು ನಗ್ತಾರ,” ಎಂದರು.

ನಾನು ಕಿತ್ತುಬಿದ್ದ ಟೊಮೆಟೊ ಗಿಡಗಳ ಕಡೆ ನೋಡಿದೆ. ಆಕೆ ಬುತ್ತಿಯನ್ನು ಮತ್ತೆ ಕಟ್ಟಿ, ಗಂಡನ ಕೈ ತೊಳೆಸಿ, ಆಟೋ ಹತ್ತಿಸಿದರು. ಮರುವಾರದಿಂದ ಬರಲಿಲ್ಲ.

ಸಂಕ್ರಾಂತಿಯ ನಂತರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಕಾಂಪೌಂಡರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದರು. ನನ್ನ ಗುರುತು ಹತ್ತಲಿಲ್ಲ.

“ಬಸ್ಸು ಹೋತೇನ್ರಿ?” ಎಂದರು.

“ಇನ್ನಾ ಬಂದಿಲ್ರಿ.”

ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟರು. ಕುಳಿತೆ. ಹೆಂಡತಿ ನಮ್ಮಿಬ್ಬರಿಗೂ ಚಹಾ ತಂದರು. “ದಿನಾ ಹಿಂಗ ಕೂಡ್ತಾರ್ರಿ,” ಎಂದರು. ಆಕೆಯ ದನಿಯಲ್ಲಿ ನನ್ನ ಮೇಲೆ ಬೇಸರವಿರಲಿಲ್ಲ. ಇದ್ದಿದ್ದರೆ ತಪ್ಪಾಯಿತೆಂದಾದರೂ ಹೇಳಬಹುದಿತ್ತು.